ಡ್ರಮ್ಮರ್ ಬದುಕಿದ್ದಾಗ್ಲೇ ಅವ್ರ ಹೆಸರಲ್ಲಿ ನಡೆದ ಕಚೇರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಸಂಗೀತದ ಪುಟ ನಾನು ತಪ್ಪದೆ ಓದ್ತೀನಿ, ಕನ್ನಡದಲ್ಲಿ ಜಾಝ್ ಬಗ್ಗೆ ನಾಲ್ಕು ಸಾಲು ಬಂದ್ರೂ ಕತ್ತರಿಸಿ ಇಟ್ಕೋತೀನಿ. ಹಾಗೆ ಇಟ್ಕೊಂಡಿರೋ ಲೇಖನಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಇದಾರೆ, ಡ್ಯೂಕ್ ಎಲಿಂಗ್ಟನ್ ಇದಾರೆ, ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಇದಾರೆ, ಎಲ್ಲಾ ಸರಿ, ಆದ್ರೆ ಅವ್ರ ಹಿಂದೆ ಕೂತು ಲಯ ಹಿಡಿದೋರು ಯಾರು ಅನ್ನೋದು ಒಂದ್ರಲ್ಲೂ ಇಲ್ಲ. ಈ ಪತ್ರ ಹಾಗೆ ಹಿಂದೆ ಕೂತ ಒಬ್ಬರ ಬಗ್ಗೆ. ಸ್ವಲ್ಪ ಉದ್ದ ಇದೆ, ಆದಷ್ಟು ಪೂರ್ತಿ ಹಾಕಿ ಅಂತ ಕೇಳ್ಕೋತೀನಿ.

ಅವ್ರ ಹೆಸರು ಎಡ್ ಬ್ಲ್ಯಾಕ್‌ವೆಲ್, ಅಮೆರಿಕದ ಜಾಝ್ ಡ್ರಮ್ಮರ್. 1929ರ ಅಕ್ಟೋಬರ್ 10ಕ್ಕೆ ನ್ಯೂ ಆರ್ಲಿಯನ್ಸಲ್ಲಿ ಹುಟ್ಟಿದ್ರು, 1992ರ ಅಕ್ಟೋಬರ್ 7ಕ್ಕೆ ತೀರ್ಕೊಂಡ್ರು. ಜಾಝ್ ಡ್ರಮ್ ಕಲಿಯೋರ ಹತ್ರ ಈ ಹೆಸರು ಹೇಳಿದ್ರೆ ಎದ್ದು ಕೂತ್ಕೋತಾರೆ, ಜಾಝ್ ಕೇಳೋರ ಹತ್ರ ಹೇಳಿದ್ರೆ ಎಷ್ಟೋ ಜನ ಯಾರವ್ರು ಅಂತಾರೆ.

1987ರ ನವೆಂಬರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಇವ್ರ ಹೆಸರಲ್ಲೇ ಒಂದು ಉತ್ಸವ ನಡೀತು, ಎಡ್ ಬ್ಲ್ಯಾಕ್‌ವೆಲ್ ಫೆಸ್ಟಿವಲ್ ಅಂತ. ಟ್ರಂಪೆಟ್, ಸ್ಯಾಕ್ಸೊಫೋನ್ ನುಡಿಸೋರ ಹೆಸರಲ್ಲಿ ಉತ್ಸವ ಆಗೋದು ಮಾಮೂಲು. ಒಬ್ಬ ಡ್ರಮ್ಮರ್ ಹೆಸರಲ್ಲಿ, ಅದೂ ಹೆಚ್ಚು ಕಮ್ಮಿ ಜೀವನ ಪೂರ್ತಿ ಬೇರೆಯೋರ ಬ್ಯಾಂಡಲ್ಲೇ ಬಾರ್ಸಿದೋರ ಹೆಸರಲ್ಲಿ, ಅದೂ ಅವ್ರು ಇನ್ನೂ ಬದುಕಿರೋವಾಗ ಆಗೋದು ಎಷ್ಟು ಅಪರೂಪ ಯೋಚ್ನೆ ಮಾಡಿ. ಐವತ್ತರ ದಶಕದಲ್ಲಿ ನ್ಯೂ ಆರ್ಲಿಯನ್ಸಲ್ಲಿ ಇವ್ರ ಜೊತೆ ನುಡಿಸ್ತಿದ್ದ ಹಳೇ ಗೆಳೆಯರು, ಕ್ಲಾರಿನೆಟ್ಟಿನ ಆಲ್ವಿನ್ ಬಟೀಸ್ಟ್, ಸ್ಯಾಕ್ಸೊಫೋನಿನ ಹೆರಾಲ್ಡ್ ಬಟೀಸ್ಟ್, ಪಿಯಾನೋದ ಎಲಿಸ್ ಮಾರ್ಸಾಲಿಸ್ (ಈಗ ಎಲ್ರಿಗೂ ಗೊತ್ತಿರೋ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಅವ್ರ ತಂದೆ), ಇವ್ರೆಲ್ಲ ಅಮೆರಿಕನ್ ಜಾಝ್ ಕ್ವಿಂಟೆಟ್ ಅನ್ನೋ ತಮ್ಮ ಹಳೇ ಹೆಸರಲ್ಲೇ ಮತ್ತೆ ಸೇರಿ ನುಡಿಸಿದ್ರು.

ಅದೇ ಉತ್ಸವದಲ್ಲಿ ನವೆಂಬರ್ 7ರಂದು ಓಲ್ಡ್ ಅಂಡ್ ನ್ಯೂ ಡ್ರೀಮ್ಸ್ ಅನ್ನೋ ಬ್ಯಾಂಡಿನ ಕಚೇರಿ. ಟ್ರಂಪೆಟ್ ಡಾನ್ ಚೆರಿ, ಟೆನರ್ ಸ್ಯಾಕ್ಸೊಫೋನ್ ಡ್ಯೂಯಿ ರೆಡ್‌ಮನ್, ಡಬಲ್ ಬೇಸ್ (ನಿಂತ್ಕೊಂಡು ನುಡಿಸೋ ದೊಡ್ಡ ಪಿಟೀಲಿನಂಥ ವಾದ್ಯ) ಚಾರ್ಲಿ ಹೇಡನ್, ಡ್ರಮ್ಸ್ ಸಾಕ್ಷಾತ್ ಬ್ಲ್ಯಾಕ್‌ವೆಲ್. ಅಂದ್ರೆ ಸನ್ಮಾನ ಮಾಡಿಸ್ಕೊಳ್ಳೋರು ಶಾಲು ಹಾರ ಹಾಕ್ಸ್ಕೊಂಡು ಮುಂದಿನ ಸಾಲಲ್ಲಿ ಕೂತಿರ್ಲಿಲ್ಲ, ತಮ್ಮ ಸನ್ಮಾನದ ಕಚೇರೀಲಿ ತಾವೇ ಕಡ್ಡಿ ಹಿಡ್ಕೊಂಡು ಬಾರ್ಸಿದ್ರು. ಆ ಕಚೇರಿ ರೆಕಾರ್ಡ್ ಆಗಿದೆ, ಹೆಸರು ಎ ಟ್ರಿಬ್ಯೂಟ್ ಟು ಬ್ಲ್ಯಾಕ್‌ವೆಲ್, ಈಗ್ಲೂ ಕೇಳ್ಬಹುದು. ಐದು ಪೀಸ್ ಇದೆ ಅದ್ರಲ್ಲಿ, ಮೂರು ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವ್ರದ್ದು, ಒಂದು ರೆಡ್‌ಮನ್ ಅವ್ರದ್ದು, ಇನ್ನೊಂದು ಟೋಗೋ ಅಂತ ಬ್ಲ್ಯಾಕ್‌ವೆಲ್ ಹೆಸರಲ್ಲಿರೋದು, ಪಶ್ಚಿಮ ಆಫ್ರಿಕಾದ ಲಯದ ಮೇಲೆ ಕಟ್ಟಿದ್ದು. ನಾಲ್ಕೂ ಜನ ಬೇರೆ ಬೇರೆ ಕಾಲದಲ್ಲಿ ಆರ್ನೆಟ್ ಕೋಲ್ಮನ್ ಬ್ಯಾಂಡಲ್ಲಿದ್ದೋರು, ಆರ್ನೆಟ್ ಎಲೆಕ್ಟ್ರಿಕ್ ಗಿಟಾರ್ ಸಂಗೀತದ ಕಡೆ ಹೋದ್ಮೇಲೆ ಅವ್ರ ಮೊದಲಿನ ಸಂಗೀತ ಬಿಟ್ಟು ಹೋಗಬಾರ್ದು ಅಂತ 1976ರಲ್ಲಿ ಈ ಬ್ಯಾಂಡ್ ಕಟ್ಟಿದ್ರು. ಈಗ ನಾಲ್ಕರಲ್ಲಿ ಒಬ್ರೂ ಇಲ್ಲ.

ಬ್ಲ್ಯಾಕ್‌ವೆಲ್ ಬಾರ್ಸೋದು ಯಾಕೆ ಬೇರೆ ಥರ ಕೇಳ್ಸುತ್ತೆ ಅಂತ ಗೊತ್ತಾಗ್ಬೇಕಾದ್ರೆ ನ್ಯೂ ಆರ್ಲಿಯನ್ಸ್ ಬೀದಿಗೆ ಹೋಗ್ಬೇಕು. ನಮ್ಮ ಕಡೆ ಸಾವಿನ ಮೆರವಣಿಗೇಲಿ ತಮಟೆ ಬಾರ್ಸ್ಕೊಂಡು ಕುಣ್ಕೊಂಡು ಹೋಗ್ತಾರಲ್ಲ, ಆ ಊರಲ್ಲಿ ಬ್ರಾಸ್ ಬ್ಯಾಂಡ್. ಸ್ಮಶಾನದ ತನಕ ನಿಧಾನವಾದ ಶೋಕದ ಹಾಡು, ಮಣ್ಣು ಮಾಡಿ ವಾಪಸ್ ಬರೋವಾಗ ಕುಣಿಯೋ ಹಾಡು. ಬ್ಯಾಂಡಿನೋರು ಮನೆಯೋರು ಮೊದಲ್ನೇ ಸಾಲು, ಅವ್ರ ಹಿಂದೆ ಛತ್ರಿ ತಿರುಗಿಸ್ಕೊಂಡು ಕರ್ಚೀಫ್ ಬೀಸ್ಕೊಂಡು ಕುಣ್ಕೊಂಡು ಬರೋ ಊರ ಜನ ಎರಡ್ನೇ ಸಾಲು, ಅದಕ್ಕೇ ಆ ಲಯಕ್ಕೆ ಸೆಕೆಂಡ್ ಲೈನ್ ಅಂತಾನೇ ಹೆಸರು. ಅಲ್ಲಿ ಡ್ರಮ್ ಬಾರ್ಸೋರು ಇಬ್ರು, ಒಬ್ರು ದೊಡ್ಡ ಬೇಸ್ ಡ್ರಮ್ ಹೊತ್ಕೊಂಡು ಅದ್ರ ಮೇಲೆ ಕಟ್ಟಿದ ಸಣ್ಣ ಸಿಂಬಲ್‌ಗೆ (ತಾಳದಂಥ ಲೋಹದ ತಟ್ಟೆ) ಬಟ್ಟೆ ಹ್ಯಾಂಗರ್ ತಂತೀಲಿ ಹೊಡೀತಾರೆ, ಇನ್ನೊಬ್ರು ಕೆಳಗೆ ತಂತಿ ಕಟ್ಟಿರೋ ಚಿಕ್ಕ ಸ್ನೇರ್ ಡ್ರಮ್ ಕುತ್ತಿಗೆಗೆ ಹಾಕ್ಕೊಂಡು ಬಾರಿಸ್ತಾರೆ. ಬೇಸ್ ಡ್ರಮ್ ಸುಮ್ನೆ ಒಂದು ಎರಡು ಮೂರು ನಾಲ್ಕು ಅಂತ ಬೀಳಲ್ಲ, ಒಂದು ಕಡೆ ತಡೆದು ಇನ್ನೊಂದು ಕಡೆ ಒತ್ತಿ ಬೀಳುತ್ತೆ, ಕಾಲು ತಾನಾಗೇ ಎತ್ತಬೇಕು ಅನ್ಸುತ್ತೆ. ಬ್ಲ್ಯಾಕ್‌ವೆಲ್ ಬೆಳೆದಿದ್ದು ಇದನ್ನ ಕೇಳ್ಕೊಂಡು, ಮನೇಲಿ ಅಣ್ಣ ಅಕ್ಕ ಬೂಟಿನ ಸದ್ದಲ್ಲೇ ತಾಳ ಹಾಕೋ ಟ್ಯಾಪ್ ಡ್ಯಾನ್ಸ್ ಮಾಡೋರು ಬೇರೆ. ಹಾಗಾಗಿ ಅವ್ರು ಎಷ್ಟೇ ಹೊಸ ಸಂಗೀತಕ್ಕೆ ಬಾರ್ಸಿದ್ರೂ ಕೆಳಗೆ ಆ ಬೀದಿ ನಡಿಗೆ ಇದ್ದೇ ಇರುತ್ತೆ. ಇಬ್ರು ಮಾಡ್ತಿದ್ದ ಕೆಲಸ ಒಬ್ರ ಮೈಗೆ ಬಂದಿದೆ, ಎರಡು ಕೈ ಎರಡು ಕಾಲು ನಾಲ್ಕೂ ನಾಲ್ಕು ಮಾತಾಡ್ತವೆ, ಒಂದಕ್ಕೊಂದು ಅಡ್ಡ ಬರಲ್ಲ.

ಆರ್ನೆಟ್ ಕೋಲ್ಮನ್ ಸಂಗೀತ 1959ರಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಅನ್ನೋ ಕ್ಲಬ್ಬಿಗೆ ಬಂದಾಗ ದೊಡ್ಡ ಗಲಾಟೆನೇ ಆಯ್ತು, ಇದು ಸಂಗೀತವೇ ಅಲ್ಲ ಅಂದೋರೂ ಇದ್ರು, ಯಾಕಂದ್ರೆ ಅದ್ರಲ್ಲಿ ಮೊದಲೇ ಗೊತ್ತು ಮಾಡಿದ ಸ್ವರಗುಚ್ಛಗಳ (ಇಂಗ್ಲಿಷಲ್ಲಿ chord) ಸುತ್ತು ಇರ್ಲಿಲ್ಲ. ಆಗ ಡ್ರಮ್ಮರ್ ಬಿಲ್ಲಿ ಹಿಗ್ಗಿನ್ಸ್. ನ್ಯೂಯಾರ್ಕ್ ಕ್ಲಬ್ಬುಗಳಲ್ಲಿ ನುಡಿಸೋಕೆ ಪೊಲೀಸರು ಕೊಡೋ ಕ್ಯಾಬರೆ ಕಾರ್ಡ್ ಅನ್ನೋ ಪರವಾನಗಿ ಚೀಟಿ ಬೇಕಿತ್ತು, ಹಿಗ್ಗಿನ್ಸ್ ಅವ್ರ ಕಾರ್ಡ್ ಹೋಯ್ತು, 1960ರಲ್ಲಿ ಆ ಜಾಗಕ್ಕೆ ಬ್ಲ್ಯಾಕ್‌ವೆಲ್ ಬಂದ್ರು. ಬದಲಿಗೆ ಬಂದೋರು ಅಂತ ಅಂದ್ಕೋಬೇಡಿ, ಐವತ್ತರ ದಶಕದಲ್ಲಿ ಲಾಸ್ ಏಂಜಲೀಸಲ್ಲಿ ಆರ್ನೆಟ್ ಅವ್ರ ಸಂಗೀತ ಯಾರಿಗೂ ಬೇಡವಾಗಿದ್ದಾಗ ಜೊತೆಗೆ ಕೂತು ಅಭ್ಯಾಸ ಮಾಡಿದೋರೇ ಬ್ಲ್ಯಾಕ್‌ವೆಲ್.

ಈ ಥರ ಸಂಗೀತದಲ್ಲಿ ಡ್ರಮ್ಮರ್ ಕೆಲಸ ಎಷ್ಟು ಕಷ್ಟ ಅಂದ್ರೆ, ಸ್ವರಗುಚ್ಛಗಳ ಸುತ್ತು ಇಲ್ಲದೇ ಇರೋವಾಗ ಎಲ್ಲಿದ್ದೀವಿ ಅಂತ ಹೇಳೋಕೆ ಬೇರೆ ಯಾರೂ ಇಲ್ಲ, ಎಲ್ಲಿ ತಿರುಗಬೇಕು ಎಲ್ಲಿ ನಿಲ್ಲಬೇಕು ಅಂತ ಡ್ರಮ್ಮೇ ತೋರಿಸ್ಬೇಕು, ಆದ್ರೆ ಮುಂದೆ ನುಡಿಸೋರನ್ನ ಕಟ್ಟಿ ಹಾಕಬಾರ್ದು. ಬ್ಲ್ಯಾಕ್‌ವೆಲ್ ಇದಕ್ಕೆ ಕಂಡ್ಕೊಂಡ ದಾರಿ ಡ್ರಮ್ಮಲ್ಲಿ ರಾಗ ತರೋದು. ಅವ್ರ ಟಾಮ್ ಟಾಮ್‌ಗಳ (ತಂತಿ ಇಲ್ಲದ ಸಣ್ಣ ದೊಡ್ಡ ಡ್ರಮ್ಮುಗಳು) ಶ್ರುತಿ ಸ್ಪಷ್ಟವಾಗಿ ಬೇರೆ ಬೇರೆ ಕೇಳ್ಸುತ್ತೆ, ಎಷ್ಟೋ ಕಡೆ ಸ್ನೇರ್ ಡ್ರಮ್ಮಿನ ಕೆಳಗಿನ ತಂತಿ ಬಿಟ್ಟು ಬಾರಿಸ್ತಾರೆ, ಆಗ ಅದೂ ಇನ್ನೊಂದು ಟಾಮ್ ಟಾಮ್ ಆಗುತ್ತೆ, ಒಂದು ಸಣ್ಣ ಸೊಲ್ಲು ಹಿಡಿದು ಅದನ್ನ ಕೆಳಗಿನ ಡ್ರಮ್ಮಿಗೆ ತಂದು, ತಿರುಗಿಸಿ, ಅರ್ಧ ಮಾಡಿ, ಮತ್ತೆ ಪೂರ್ತಿ ಮಾಡಿ ಬಿಡ್ತಾರೆ. ಗದ್ದಲವೇ ಇಲ್ಲ. ನಾನು ಚಿಕ್ಕೋನಿದ್ದಾಗ ಸ್ವಲ್ಪ ಕಾಲ ಮೃದಂಗ ಕಲ್ತಿದ್ದೀನಿ, ಸರ್ವಲಘು (ಒಂದೇ ಸಮನೆ ಸಾಗೋ ಸರಳ ನಡೆ) ಹಿಡಿದು ಅಲ್ಲಾಡದೆ ಹೋಗೋದು ಎಷ್ಟು ಕಷ್ಟ ಅಂತ ಅಷ್ಟರ ಮಟ್ಟಿಗೆ ಗೊತ್ತು, ಇವ್ರು ಅದನ್ನ ಹಿಡ್ಕೊಂಡೇ ಮೇಲೆ ಇಷ್ಟೆಲ್ಲ ಮಾಡ್ತಾರೆ. ನಮ್ಮ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವ್ರು ಬೇರೆ ಬೇರೆ ಶ್ರುತಿಯ ಘಟಗಳನ್ನ ಸುತ್ತ ಇಟ್ಕೊಂಡು ಘಟ ತರಂಗ ನುಡಿಸೋದು ಕೇಳಿದೋರಿಗೆ ನಾನು ಏನ್ ಹೇಳ್ತಿದ್ದೀನಿ ಅಂತ ತಕ್ಷಣ ಹೊಳೆಯುತ್ತೆ.

ಓದುಗರು ಒಂದು ಕೆಲಸ ಮಾಡಿ ನೋಡಿ. 1960ರ ಡಿಸೆಂಬರಲ್ಲಿ ರೆಕಾರ್ಡ್ ಆದ ಫ್ರೀ ಜಾಝ್ ಅನ್ನೋ ಆರ್ನೆಟ್ ಆಲ್ಬಮ್ ಇದೆ, ಒಂದೇ ಸಮನೆ ಮೂವತ್ತೇಳು ನಿಮಿಷ, ಎರಡು ಕ್ವಾರ್ಟೆಟ್ (ನಾಲ್ಕು ಜನರ ಬ್ಯಾಂಡ್) ಒಟ್ಟಿಗೆ. ಸ್ಟೀರಿಯೋದಲ್ಲಿ ಎಡಗಡೆ ಒಂದು ಬ್ಯಾಂಡ್, ಬಲಗಡೆ ಇನ್ನೊಂದು. ಎಡಗಡೆ ಡ್ರಮ್ಮರ್ ಹಿಗ್ಗಿನ್ಸ್, ಬಲಗಡೆ ಬ್ಲ್ಯಾಕ್‌ವೆಲ್. ಹೆಡ್‌ಫೋನ್ ಹಾಕ್ಕೊಂಡು ಬಲಕಿವಿ ಒಂದ್ರಲ್ಲೇ ಕೇಳಿ, ಬೇಸ್ ಕ್ಲಾರಿನೆಟ್ಟಿನ ಎರಿಕ್ ಡಾಲ್ಫಿ, ಟ್ರಂಪೆಟ್ಟಿನ ಫ್ರೆಡ್ಡಿ ಹಬರ್ಡ್ ನುಡಿಸ್ತಿರ್ತಾರೆ, ಅವ್ರನ್ನ ಬಿಟ್ಟು ಕೆಳಗೆ ಚರ್ಮದ ಸದ್ದಿಗೆ ಕಿವಿ ಕೊಡಿ, ಆಮೇಲೆ ಎಡಕಿವಿಗೆ ಹೋಗಿ. ಹಿಗ್ಗಿನ್ಸ್ ಸಿಂಬಲ್ ಮೇಲೆ ಹಗೂರವಾಗಿ ಓಡ್ತಿರ್ತಾರೆ, ಬ್ಲ್ಯಾಕ್‌ವೆಲ್ ಟಾಮ್ ಟಾಮ್ ಮೇಲೆ ಮಾತಾಡ್ತಿರ್ತಾರೆ. ಇಬ್ರೂ ಒಳ್ಳೆ ಸ್ನೇಹಿತರು, ಒಬ್ರದ್ದು ಇನ್ನೊಬ್ರ ಥರ ಇಲ್ವೇ ಇಲ್ಲ. 1961ರ ಆರ್ನೆಟ್! ಅನ್ನೋ ಆಲ್ಬಮ್ಮಲ್ಲಿ ಟಿ ಅಂಡ್ ಟಿ ಅನ್ನೋ ಪೀಸ್ ಇದೆ, ಅದಂತೂ ಬ್ಲ್ಯಾಕ್‌ವೆಲ್ ಡ್ರಮ್ಮಿಗೇ ಅಂತ ಇರೋದು, ಡ್ರಮ್ ಸೋಲೋ ಅಂದ್ರೆ ಬರೀ ವೇಗ, ಬರೀ ಸದ್ದು ಅಂತ ಅಂದ್ಕೊಂಡಿರೋರು ಒಂದ್ಸಲ ಕೇಳ್ಬೇಕು.

ಹಾಗಾದ್ರೆ ಇಷ್ಟು ದೊಡ್ಡೋರು ಯಾಕೆ ಹಿಂದೆ ಉಳಿದ್ರು? ಡ್ರಮ್ಮರ್ ಆಗಿದ್ದು ಒಂದು, ಆದ್ರೆ ಅಷ್ಟೇ ಅಲ್ಲ. ಜೊತೆಗಾರರು ಬೇಗ ಬೇಗ ಹೋಗಿಬಿಟ್ರು. 1961ರ ಜುಲೈಲಿ ಅದೇ ಫೈವ್ ಸ್ಪಾಟಲ್ಲಿ ಡಾಲ್ಫಿ ಮತ್ತೆ ಟ್ರಂಪೆಟ್ಟಿನ ಬುಕರ್ ಲಿಟ್ಲ್ ಜೊತೆ ನುಡಿಸಿದ ರಾತ್ರಿ ರೆಕಾರ್ಡ್ ಆಗಿದೆ, ಪಿಯಾನೋ ಶ್ರುತಿ ಸರಿ ಇಲ್ಲ, ಆದ್ರೂ ಜಾಝ್ ಇತಿಹಾಸದ ದೊಡ್ಡ ರಾತ್ರಿಗಳಲ್ಲಿ ಅದೊಂದು. ಅದಾಗಿ ಮೂರು ತಿಂಗಳಿಗೆ ಬುಕರ್ ಲಿಟ್ಲ್ ತೀರ್ಕೊಂಡ್ರು, ವಯಸ್ಸು ಬರೀ 23, ಮೂರು ವರ್ಷಕ್ಕೆ ಡಾಲ್ಫಿನೂ ಹೋದ್ರು. ಕೋಲ್ಟ್ರೇನ್ ಮತ್ತೆ ಡಾನ್ ಚೆರಿ ಜೊತೆ 1960ರಲ್ಲಿ ಬಾರ್ಸಿದ ಆಲ್ಬಮ್ ಹೊರಗೆ ಬಂದಿದ್ದೇ 1966ರಲ್ಲಿ. 1967ರಲ್ಲಿ ಪಿಯಾನೋದ ರ‍್ಯಾಂಡಿ ವೆಸ್ಟನ್ ಬ್ಯಾಂಡ್ ಜೊತೆ ಆಫ್ರಿಕಾ ಪ್ರವಾಸ ಹೋದ್ರು, ಅಲ್ಲಿ ಕೇಳಿದ್ದೆಲ್ಲ ಕೈಗೆ ಇಳೀತು, ಟೋಗೋ ಕೇಳಿದ್ರೆ ಗೊತ್ತಾಗುತ್ತೆ. ಎಪ್ಪತ್ತರ ದಶಕದಲ್ಲಿ ಕಿಡ್ನಿ ಕೈ ಕೊಡ್ತು. ಅಲ್ಲಿಂದ ಡಯಾಲಿಸಿಸ್. ನಮ್ಮ ಮನೆಯಲ್ಲೂ ಒಬ್ರಿಗೆ ಡಯಾಲಿಸಿಸ್ ಇತ್ತು, ಮಾಡಿಸ್ಕೊಂಡು ಬಂದ ದಿನ ಒಂದು ಲೋಟ ಎತ್ತೋಕೂ ಆಗ್ತಿರ್ಲಿಲ್ಲ ಅವ್ರಿಗೆ, ಆ ದೇಹ ಇಟ್ಕೊಂಡು ಬ್ಲ್ಯಾಕ್‌ವೆಲ್ ದೇಶ ದೇಶ ಸುತ್ತಿ ಡ್ರಮ್ ಬಾರ್ಸಿದ್ರು ಅನ್ನೋದು ನೆನೆಸ್ಕೊಂಡ್ರೆ ನನಗೆ ಮಾತೇ ಬರಲ್ಲ. ಅಟ್ಲಾಂಟಾ ಕಚೇರಿ ಕೇಳೋವಾಗ ಇದು ನೆನಪಿರ್ಲಿ, ಆ ಕೈ ಅಂಥಾ ಕಾಯಿಲೆ ಜೊತೆ ವರ್ಷಗಟ್ಟಲೆ ಬದುಕಿದೋರ ಕೈ.

ಇನ್ನೊಂದು ವಿಷಯ ನನಗೆ ತುಂಬಾ ಬೇಜಾರು ಮಾಡುತ್ತೆ. ಬ್ಲ್ಯಾಕ್‌ವೆಲ್ ಹೆಸರು ಮುಂದೆ ಬರೋ ರೆಕಾರ್ಡುಗಳನ್ನ ಯಾವ ದೇಶದೋರು ತಂದ್ರು ನೋಡಿ. 1969ರಲ್ಲಿ ಡಾನ್ ಚೆರಿ ಜೊತೆ ಇಬ್ರೇ ಕೂತು ಮಾಡಿದ ಮು ಅನ್ನೋದು ಪ್ಯಾರಿಸಲ್ಲಿ, ಫ್ರೆಂಚ್ ಕಂಪನಿ. 1982ರ ಎಲ್ ಕೊರಜೋನ್, ಅದೂ ಚೆರಿ ಜೊತೆ ಇಬ್ರೇ, ಜರ್ಮನಿಯ ಕಂಪನಿ. ಅಟ್ಲಾಂಟಾ ಕಚೇರಿಯ ರೆಕಾರ್ಡು ಇಟಲಿಯ ಕಂಪನಿ. ನ್ಯೂ ಆರ್ಲಿಯನ್ಸ್ ಬೀದಿಯ ಲಯವನ್ನ ಜೋಪಾನ ಮಾಡೋಕೆ ಸಮುದ್ರದಾಚೆಯೋರು ಬರ್ಬೇಕಾಯ್ತು. ಅವ್ರದ್ದೇ ಬ್ಯಾಂಡಿನ ಒಂದು ರೆಕಾರ್ಡ್ ಆಗಿದ್ದು 1992ರ ಆಗಸ್ಟ್ 8ಕ್ಕೆ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಲ್ಲಿ, ತೀರ್ಕೊಳ್ಳೋಕೆ ಎರಡು ತಿಂಗಳ ಮುಂಚೆ. ಆ ಕಚೇರಿ ನಡೆದಿದ್ದು ಎಡ್ಡಿ ಮೂರ್ ಅನ್ನೋ ಇನ್ನೊಬ್ಬ ಡ್ರಮ್ಮರ್ ಹೆಸರಿನ ಉತ್ಸವದಲ್ಲಿ, ಅವ್ರ ಹೆಸರು ಗೊತ್ತಿರೋರು ಇನ್ನೂ ಕಮ್ಮಿ. ಆ ರೆಕಾರ್ಡನ್ನ ತಂದಿದ್ದೂ ಜರ್ಮನಿಯೋರೇ. ಅಮೆರಿಕದ ಜಾಝ್ ಪತ್ರಿಕೆ ಡೌನ್‌ಬೀಟ್‌ನ ವಿಮರ್ಶಕರು ಬ್ಲ್ಯಾಕ್‌ವೆಲ್ ಅವ್ರನ್ನ ಹಾಲ್ ಆಫ್ ಫೇಮ್ ಅನ್ನೋ ಗೌರವದ ಪಟ್ಟಿಗೆ ಸೇರಿಸಿದ್ದು 1993ರಲ್ಲಿ, ಆಗ ನೋಡೋಕೆ ಅವ್ರಿರ್ಲಿಲ್ಲ.

ಇದ್ರ ಮಧ್ಯೆ ನಮಗೆ ಹತ್ತಿರದ ಒಂದು ವಿಷಯ ಇದೆ. 1972ರಿಂದ ಕೊನೇವರೆಗೂ ಬ್ಲ್ಯಾಕ್‌ವೆಲ್ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್ ಅನ್ನೋ ಸಣ್ಣ ಊರಿನ ವೆಸ್ಲಿಯನ್ ಯೂನಿವರ್ಸಿಟೀಲಿ ಡ್ರಮ್ ಕಲಿಸಿದ್ರು. ಅದೇ ಯೂನಿವರ್ಸಿಟೀಲಿ ಮೃದಂಗ ಕಲಿಸಿದೋರು ಟಿ. ರಂಗನಾಥನ್, ವೀಣಾ ಧನಮ್ಮಾಳ್ ಮೊಮ್ಮಗ, ಬಾಲಸರಸ್ವತಿ ಅವ್ರ ತಮ್ಮ. ವ್ಯಾಸರಾಯರ ಕೃಷ್ಣಾ ನೀ ಬೇಗನೆ ಬಾರೋ ಹಾಡಿಗೆ ಅಭಿನಯ ಮಾಡಿ ಕನ್ನಡದ ಪದವನ್ನ ಪ್ರಪಂಚಕ್ಕೆಲ್ಲ ತೋರಿಸಿದ ಬಾಲಸರಸ್ವತಿ ಇದಾರಲ್ಲ, ಅವ್ರೇ. ಘಾನಾ ದೇಶದ ಡ್ರಮ್ ಕಲಿಸೋಕೆ ಅಬ್ರಹಾಂ ಅಡ್ಜೆನ್ಯಾ ಕೂಡ ಅಲ್ಲೇ ಇದ್ರು. ಚೆನ್ನೈ ಮೃದಂಗ, ಘಾನಾ ಡ್ರಮ್, ನ್ಯೂ ಆರ್ಲಿಯನ್ಸ್ ಡ್ರಮ್, ಒಂದೇ ಕ್ಯಾಂಪಸ್ಸಲ್ಲಿ ಮೂರೂ ಕಲೀಬಹುದಿತ್ತು ಅಂದ್ರೆ ಆಗಿನ ಆ ಹುಡುಗ ಹುಡುಗೀರು ಪುಣ್ಯ ಮಾಡಿದ್ರು. ಬೆಂಗಳೂರಿಗೂ ಜಾಝ್ ಲಯಕ್ಕೂ ನಂಟು ಇಲ್ಲದೇ ಏನಿಲ್ಲ, ಟಿ.ಎ.ಎಸ್. ಮಣಿ ಅವ್ರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಆರ್.ಎ. ರಮಾಮಣಿ ಅವ್ರ ಗಾಯನ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ, ಮೂರೂ ಸೇರಿ ಎಂಬತ್ತರ ದಶಕದಲ್ಲಿ ಮಾಡಿದ ಸಂಗೀತ ಯುರೋಪಲ್ಲಿ ಈಗ್ಲೂ ಕೇಳ್ತಾರೆ. ಅದ್ರ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬಂದಿದ್ದು ಸಾಲದು ಅಂತ ನನ್ನ ಅಭಿಪ್ರಾಯ.

ಈಗ ನಾನು ಯಾಕೆ ಬರೆದೆ ಅನ್ನೋದಕ್ಕೆ ಬರ್ತೀನಿ. ನಮ್ಮಲ್ಲಿ ಪಕ್ಕವಾದ್ಯದೋರಿಗೆ ಗೌರವ ಇಲ್ಲ ಅಂತ ನಾನು ಹೇಳಲ್ಲ. ಪಿಟೀಲು ಚೌಡಯ್ಯನವ್ರ ಹೆಸರಲ್ಲಿ ಪಿಟೀಲಿನ ಆಕಾರದಲ್ಲೇ ಬೆಂಗಳೂರಲ್ಲಿ ಒಂದು ಸಭಾಂಗಣ ಇದೆ, ಇಂಥದ್ದು ಬೇರೆಲ್ಲಿದೆ? ಆದ್ರೆ ಚೌಡಯ್ಯನವ್ರು ಹೋಗಿದ್ದು 1967ರಲ್ಲಿ, ಸಭಾಂಗಣ ಆಗಿದ್ದು 1980ರಲ್ಲಿ. ಪರ್ಕಸಿವ್ ಆರ್ಟ್ಸ್ ಸೆಂಟರ್ ಥರದ ಸಂಸ್ಥೆ ಲಯವಾದ್ಯದೋರಿಗೇ ಅಂತ ವರ್ಷಾನುಗಟ್ಟಲೆ ಕೆಲಸ ಮಾಡ್ತಾ ಬಂದಿದೆ, ಅವ್ರಿಗೆ ಕೈ ಮುಗೀತೀನಿ. ಉಳಿದ ಕಡೆ ಏನಾಗುತ್ತೆ ಅಂದ್ರೆ, ತನಿ ಆವರ್ತನ (ಲಯವಾದ್ಯದೋರು ಮಾತ್ರ ನುಡಿಸೋ ಭಾಗ) ಶುರು ಆದ ತಕ್ಷಣ ಅರ್ಧ ಸಭೆ ಕ್ಯಾಂಟೀನ್ ಕಡೆ ಎದ್ದು ಹೋಗುತ್ತೆ, ಮಾರನೇ ದಿನದ ವಿಮರ್ಶೇಲಿ ಗಾಯಕರ ಆಲಾಪನೆಗೆ ಮೂರು ಪ್ಯಾರಾ, ಕೊನೇಲಿ ಮೃದಂಗದಲ್ಲಿ ಇಂಥವ್ರು ಸಮರ್ಥವಾಗಿ ಸಹಕರಿಸಿದ್ರು ಅಂತ ಒಂದು ಸಾಲು. ಸಮರ್ಥವಾಗಿ ಅಂದ್ರೆ ಏನ್ ಮಾಡಿದ್ರು? ಯಾವ ನಡೆ ಹಿಡಿದ್ರು, ಅನುಪಲ್ಲವಿ ಬಂದಾಗ ಎಲ್ಲಿ ಬಿಟ್ರು, ಎಲ್ಲಿ ಸುಮ್ನೆ ಇದ್ರು, ಕೋರ್ವೆ (ಕೊನೇಲಿ ಲೆಕ್ಕ ಹಾಕಿ ಮುಗಿಸೋ ಸೊಲ್ಲುಕಟ್ಟು) ಹೇಗೆ ಕಟ್ಟಿದ್ರು? ಓದೋರಿಗೆ ಅದು ಬೇಕು ಸ್ವಾಮಿ.

ಅದಕ್ಕೇ ಎರಡು ವಿಷಯ ಕೇಳ್ಕೋತೀನಿ. ಒಂದು ಸಭೆಗಳನ್ನ ನಡೆಸೋರಿಗೆ. ನಿಮ್ಮ ಊರಲ್ಲಿ ಅರವತ್ತು ಎಪ್ಪತ್ತು ದಾಟಿದ ಮೃದಂಗ, ಖಂಜಿರ, ತಬಲಾ, ಮೋರ್ಸಿಂಗ್ ವಿದ್ವಾಂಸರು ಯಾರಾದ್ರೂ ಇದ್ರೆ ಅವ್ರ ಕೈ ಓಡ್ತಿರೋವಾಗ್ಲೇ ಅವ್ರ ಹೆಸರಲ್ಲಿ ಒಂದು ಸಂಜೆ ಮಾಡಿ, ಅವ್ರ ಜೊತೆ ನುಡಿಸಿದ ಹಳಬರನ್ನೆಲ್ಲ ಕರೀರಿ, ಭಾಷಣ ಕಮ್ಮಿ ಇಡಿ, ಅವ್ರನ್ನೇ ಬಾರ್ಸೋಕೆ ಬಿಡಿ, ಚೆನ್ನಾಗಿ ರೆಕಾರ್ಡ್ ಮಾಡಿ. ಅಟ್ಲಾಂಟಾದಲ್ಲಿ ರೆಕಾರ್ಡ್ ಮಾಡದೇ ಇದ್ದಿದ್ರೆ ಇವತ್ತು ನಾನು ಇಷ್ಟು ದೂರದಲ್ಲಿ ಕೂತು ಈ ಪತ್ರ ಬರೆಯೋಕೆ ಆಗ್ತಿರ್ಲಿಲ್ಲ.

ಇನ್ನೊಂದು ನಿಮಗೆ ಸಂಪಾದಕರೇ. ಕಚೇರಿ ವಿಮರ್ಶೇಲಿ ಲಯವಾದ್ಯಕ್ಕೆ ಒಂದು ಪೂರ್ತಿ ಪ್ಯಾರಾ ಕಡ್ಡಾಯ ಮಾಡಿ, ತಾಳ ಗೊತ್ತಿರೋರ ಕೈಲಿ ಬರೆಸಿ. ಮತ್ತೆ ಜಾಝ್ ಬಗ್ಗೆ ಮುಂದಿನ ಸಲ ಹಾಕೋವಾಗ ಬ್ಲ್ಯಾಕ್‌ವೆಲ್ ಅವ್ರ ಫೋಟೋ ಹಾಕಿ, ಹಿಗ್ಗಿನ್ಸ್ ಹೆಸರು ಹಾಕಿ, ಎಡ್ಡಿ ಮೂರ್ ಹೆಸರೂ ಹಾಕಿ. ಬರೆಯೋರು ಬೇಕು ಅಂದ್ರೆ ನಾನು ರೆಡಿ, ದುಡ್ಡೇನೂ ಬೇಡ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ
ಮೈಸೂರು